ಪುಟ್ಟಮಾದಮ್ಮ ಚಿಟ್ಟೆಯಲ್ಲ

ಶಾಗ್ಯದ ಪುಟ್ಟಮಾದಮ್ಮ ತನ್ನ ಚಾಕಿ ಮನೆಯ ಬಾಗಿಲಲ್ಲಿ ನಿಂತು ‘ರೂಪಾ’ ಎಂದು ಒಂದು ಸಲ ಕೂಗಿದರೆ ಅತ್ತ ಹನೂರಿನಲ್ಲಿ ನಾಲ್ಕು ಮಂದಿ ರೂಪಂದಿರು ಕೈಲಿದ್ದ ಕೆಲಸ ಬಿಟ್ಟು ತಿರುಗಿ ನೋಡುತ್ತಿದ್ದರು. ಐದನೆಯ ರೂಪ, ಅಂದರೆ ಅವಳ ಸ್ವಂತ ಮಗಳು, ಮಾರುದೂರದಲ್ಲೇ ನಿಂತು ಕಿವಿಗೆ ಬೆರಳಿಟ್ಟುಕೊಳ್ಳುತ್ತಿದ್ದಳು. ಅಂಥ ಗಂಟಲಿಗೆ ಹೋದ ಮಾಗಿಯಲ್ಲಿ ಕೆಮ್ಮು ಹತ್ತಿತು. ಕೆಮ್ಮೂ ಸಾಮಾನ್ಯದ್ದಲ್ಲ. ಒಮ್ಮೆ ಕೆಮ್ಮಿದರೆ ಹುಣಿಸೇಮರದಿಂದ ಹಣ್ಣು ಉದುರುತ್ತಿತ್ತು. ಎರಡನೇ ಸಲಕ್ಕೆ ಮರದ ಕೆಳಗೆ ಮಲಗಿದ್ದ ನಾಯಿ ಎದ್ದು ಬೇರೆ ಊರು ನೋಡಿಕೊಳ್ಳುತ್ತಿತ್ತು.

ಆದರೂ ಅವಳು ಆಸ್ಪತ್ರೆ ಕಡೆ ತಲೆ ಹಾಕಲಿಲ್ಲ. ಹುಳ ಬಿಟ್ಟು ಎಲ್ಲಿಗೆ ಹೋಗುವುದು? ಚಾಕಿ ಎಂದರೆ ರೇಷ್ಮೆ ಹುಳದ ಬಾಲವಾಡಿ. ಮೊಟ್ಟೆಯೊಡೆದು ಬಂದ ಹುಳ ಕೂದಲ ತುಂಡಿನಷ್ಟಿರುತ್ತದೆ. ಅದನ್ನು ಕೋಳಿಗರಿಯಲ್ಲಿ ಸವರಿ ಟ್ರೇಗೆ ಇಳಿಸಿ, ಎಳೇ ಸೊಪ್ಪನ್ನು ಸಣ್ಣಗೆ ಹೆಚ್ಚಿ ಉಣಿಸಿ, ಎರಡು ಜ್ವರ ದಾಟಿಸಿ ರೈತರ ಕೈಗೆ ಕೊಡುವುದು ಅವಳ ಕಸುಬು. ಜ್ವರ ಎಂದರೆ ಕಾಯಿಲೆಯಲ್ಲ. ಹುಳ ಇದ್ದಕ್ಕಿದ್ದಂತೆ ಮೇವು ಬಿಟ್ಟು, ತಲೆಯೆತ್ತಿ, ಒಂದು ಹಗಲು ಒಂದು ರಾತ್ರಿ ಕಲ್ಲಿನ ಹಾಗೆ ಕೂತು ಹಳೇ ಚರ್ಮ ಕಳಚುತ್ತದಲ್ಲ, ಅದಕ್ಕೆ ರೇಷ್ಮೆಯವರು ಜ್ವರ ಅನ್ನುತ್ತಾರೆ. ಪುಟ್ಟಮಾದಮ್ಮ ಕತ್ತಲೆ ಕೋಣೆಗೆ ಹೋಗಿ ಮೂಸಿ ನೋಡಿಯೇ ಯಾವ ಟ್ರೇ ಜ್ವರಕ್ಕೆ ಕೂತಿದೆ, ಯಾವುದು ಎದ್ದಿದೆ ಹೇಳುತ್ತಿದ್ದಳು. ಅವಳ ಕೈಯ ಹುಳಕ್ಕೆ ಮಾರ್ಟಳ್ಳಿಯಿಂದ, ಯಳಂದೂರಿನಿಂದ ಜನ ಬರುತ್ತಿದ್ದರು. ಅವಳು ಸಾಕಿದ ಹುಳ ಕಟ್ಟಿದ ಗೂಡನ್ನು ಬಿಚ್ಚಿದರೆ ಎಳೆ ಕೊಳ್ಳೇಗಾಲದಿಂದ ಹೊರಟು ಮಾದಪ್ಪನ ಬೆಟ್ಟ ಸುತ್ತಿ ಬರುವಷ್ಟು ಉದ್ದ ಎನ್ನುವುದು ಊರಿನ ಲೆಕ್ಕ.

ಇದಕ್ಕೂ ಮೊದಲು ಅವಳು ಇಪ್ಪತ್ತೆರಡು ವರ್ಷ ಕೊಳ್ಳೇಗಾಲದ ಒಂದು ಬಿತ್ತನೆ ಕೋಠಿಯಲ್ಲಿ ಇದ್ದಳು. ರೈತರಿಗೆ ರೇಷ್ಮೆ ಮೊಟ್ಟೆ ತಯಾರು ಮಾಡಿ ಕೊಡುವ ಜಾಗ ಅದು. ಅಲ್ಲಿ ಅವಳ ಕೆಲಸ ಚಿಟ್ಟೆ ಅರೆಯುವುದು. ತಾಯಿಚಿಟ್ಟೆ ಮೊಟ್ಟೆಯಿಟ್ಟ ಮೇಲೆ ಅದನ್ನು ಪುಟ್ಟ ಒರಳಿಗೆ ಹಾಕಿ ಅರೆಯಬೇಕು, ಒಂದು ಹನಿ ತೆಗೆದು ಗಾಜಿನ ಮೇಲೆ ಇಡಬೇಕು, ಸೂಕ್ಷ್ಮದರ್ಶಕದ ಮುಂದೆ ಕೂತವರು ಕಣ್ಣಿಟ್ಟು ನೋಡಬೇಕು. ಅಕ್ಕಿಕಾಳಿನ ಆಕಾರದ ಹೊಳೆಯುವ ಚುಕ್ಕಿ ಕಂಡಿತೋ, ಪೆಬ್ರಿನ್ ರೋಗ. ತಾಯಿಗೆ ಆ ಗುರುತಿದ್ದರೆ ಅವಳಿಟ್ಟ ಮೊಟ್ಟೆಗೂ ಅದು ಹೋಗಿರುತ್ತದೆ. ಔಷಧಿ ಎನ್ನುವುದೇ ಇಲ್ಲ. ಅಷ್ಟೂ ಮೊಟ್ಟೆಯನ್ನು ಹಿತ್ತಲಿಗೆ ಒಯ್ದು ಸುಡುವುದೇ. ಹಾಗೆ ಸುಟ್ಟದ್ದರಲ್ಲಿ ಮುಕ್ಕಾಲು ಪಾಲಿಗೆ ಬೆಂಕಿ ಕೊಟ್ಟವಳು ಪುಟ್ಟಮಾದಮ್ಮನೇ.

ಕಡೆಗೆ ಕೆಮ್ಮಿನಲ್ಲಿ ಕೆಂಪು ಕಂಡ ದಿನ ರೂಪ ಅವ್ವನನ್ನು ರಟ್ಟೆ ಹಿಡಿದು ಮೈಸೂರಿನ ಬಸ್ಸಿಗೆ ಹತ್ತಿಸಿದಳು. ದೊಡ್ಡ ಆಸ್ಪತ್ರೆಯಲ್ಲಿ ಫೋಟೋ ತೆಗೆದರು. ಟಿಬಿ ಅಲ್ಲ ಅಂದರು. ಬೆನ್ನಿಗೆ ಸೂಜಿ ಹಾಕಿ ಶ್ವಾಸಕೋಶದಲ್ಲಿದ್ದ ಗಡ್ಡೆಯಿಂದ ಒಂದು ಚೂರು ತೆಗೆದರು. ಹದಿನೈದು ದಿನ ಬಿಟ್ಟು ಕರೆದರು. ಡಾಕ್ಟರು ಆಶಾರಾಣಿ ಯಳಂದೂರಿನ ಹೆಣ್ಣುಮಗಳು. ಕಾಗದ ನೋಡಿಕೊಂಡು ನಿಧಾನಕ್ಕೆ ಹೇಳಿದರು.

“ಅಮ್ಮ, ಇದು ಕ್ಯಾನ್ಸರು. ನಿಮ್ಮ ಗಡ್ಡೆಯೊಳಗೆ ನಾವು ಹುಡುಕ್ತಾ ಇದ್ದ ಒಂದು ಗುರುತು ಸಿಕ್ಕಿದೆ.”

ಕ್ಯಾನ್ಸರು ಎಂದಾಗ ಅಲುಗಾಡದೆ ಕೂತಿದ್ದ ಪುಟ್ಟಮಾದಮ್ಮ ಗುರುತು ಎಂದ ಕೂಡಲೇ ಎದ್ದು ನಿಂತಳು. ಕೈಚೀಲ ಕಂಕುಳಿಗೆ ಸೇರಿಸಿದಳು.

“ಆಯ್ತು ಬುಡಿ ಮೇಡಂ. ಗುರ್ತು ಸಿಕ್ಕದ ಮ್ಯಾಲ ಇನ್ನೇನದ. ನಾವು ಬತ್ತೀವಿ.”

“ಎಲ್ಲಿಗೆ? ಇನ್ನೂ ಪೂರ್ತಿ ಹೇಳೇ ಇಲ್ಲ.”

“ನಂಗೊತ್ತು ಕನವ್ವ. ನಾನೂ ಇಪ್ಪತ್ತೆರಡು ವರ್ಸ ಇದ್ನೇ ಮಾಡಿವ್ನಿ. ಗುರ್ತು ಸಿಕ್ರ ತಾಯಿನೂ ಇಲ್ಲ, ಮೊಟ್ಟನೂ ಇಲ್ಲ. ನನ್ನ ಕತ ಇರ್ಲಿ, ಈ ನನ್ಮಗಳದೂ ಒಂದ್ಸಲ ನೋಡ್ಬುಡಿ.” ಇಷ್ಟು ಹೇಳುವಾಗ ಅವಳು ರೂಪಳ ಮುಖ ನೋಡಲಿಲ್ಲ. ಕಿಟಕಿ ನೋಡಿದಳು.

ಡಾಕ್ಟರಿಗೆ ತಲೆಬುಡ ತಿಳಿಯಲಿಲ್ಲ. ಕೂರಿಸಿ ಕೇಳಿದರು. ಕೋಠಿ, ಚಿಟ್ಟೆ, ಒರಳು, ಹಿತ್ತಲ ಬೆಂಕಿ ಎಲ್ಲ ಒಂದೊಂದಾಗಿ ಹೊರಬಂತು. ಆಶಾರಾಣಿ ಪೆನ್ನು ಕೆಳಗಿಟ್ಟರು.

“ನೋಡಿ ಅಮ್ಮ. ಮೊದಲು ಇದು ತಿಳ್ಕೊಳ್ಳಿ. ಇದು ಹುಟ್ಟಿನಿಂದ ಬಂದಿದ್ದಲ್ಲ. ಆ ಗಡ್ಡೇಲಿ ಮಾತ್ರ ಇರೋದು. ಮಗಳಿಗೆ ಹೋಗಲ್ಲ, ಮುಟ್ಟಿದ್ರೆ ಅಂಟಲ್ಲ, ಕೆಮ್ಮಿದ್ರೂ ಅಂಟಲ್ಲ. ಗೊತ್ತಾಯ್ತಾ?”

“ಹಂಗಾರ ಅದೇನದು ಗುರ್ತು?”

“ಒಂದು ಪ್ರೋಟೀನು. ನಮ್ಮ ಮೈ ತುಂಬ ಕೋಟಿ ಕೋಟಿ ಕೋಶ ಇರ್ತವೆ. ಬೆಳಿ, ಸಾಕು ನಿಲ್ಲು ಅಂತ ಅವಕ್ಕೆ ಹೊರಗಿಂದ ಸುದ್ದಿ ಬರ್ತಾ ಇರ್ತದೆ. ಆ ಸುದ್ದಿನ ಒಳಗೆ ದಾಟಿಸೋದು ಈ ಪ್ರೋಟೀನಿನ ಕೆಲಸ. ಸುದ್ದಿ ಬಂದಾಗ ಹೇಳ್ಬೇಕು, ಇಲ್ಲದಾಗ ಸುಮ್ಮನಿರ್ಬೇಕು. ನಿಮ್ಮ ಗಡ್ಡೇಲಿ ಅದು ವಿಪರೀತ ಜಾಸ್ತಿ ಆಗಿದೆ. ಯಾರೂ ಏನೂ ಹೇಳದೆ ಇದ್ರೂ ಬೆಳಿ, ಬೆಳಿ ಅಂತ ಕೂಗ್ತಾನೇ ಇದೆ.”

ಪುಟ್ಟಮಾದಮ್ಮ ಕಂಕುಳ ಕೈಚೀಲ ಕೆಳಗಿಟ್ಟಳು. “ಜ್ವರಕ್ಕ ಕೂರ್ದಿರೋ ಉಳ ಅನ್ನಿ. ತಿನ್ನೋದ ಬುಡು ಅಂದ್ರೂ ಬುಡಾಕಿಲ್ಲ. ಪಕ್ಕದ ಉಳದ ಪಾಲೂ ತಿಂತದ.”

“ಅದೇ. ನನಗಿಂತ ಚೆನ್ನಾಗಿ ಹೇಳಿದ್ರಿ. ಈಗ ಕೇಳಿ. ಆ ಕೂಗೋ ಪ್ರೋಟೀನಿನ ಬಾಯಿಗೇ ಬಟ್ಟೆ ತುರುಕೋ ಹಾಗೆ ಒಂದು ಮಾತ್ರೆ ಬಂದಿದೆ. ಗುರುತು ಇರೋರಿಗೆ ಮಾತ್ರ ಅದು. ಗುರುತೇ ಇಲ್ಲದಿದ್ರೆ ಮಾತ್ರೆಗೆ ಹಿಡಿದುಕೊಳ್ಳೋಕೆ ಏನೂ ಸಿಕ್ಕಲ್ಲ.”

“ವಾಸಿ ಆಯ್ತದ?”

“ಗೊತ್ತಿಲ್ಲ.” ಆಶಾರಾಣಿ ಸುತ್ತಿ ಬಳಸಲಿಲ್ಲ. “ಇನ್ನೂ ಪರೀಕ್ಷೆ ನಡೀತಾ ಇದೆ. ಕೆಲಸ ಮಾಡಬಹುದು, ಮಾಡದೆ ಇರಬಹುದು. ಮೊದಲಿಂದ ಕೊಡ್ತಾ ಇರೋ ಔಷಧಿನೂ ಜೊತೇಲಿ ಕೊಡ್ತೀವಿ. ಈ ಪರೀಕ್ಷೆಗೆ ಬರಲ್ಲ ಅಂದ್ರೂ ನಿಮ್ಮ ಚಿಕಿತ್ಸೆ ನಿಲ್ಲಲ್ಲ. ಬರೋದಾದ್ರೆ ಮುಂದಿನ ಗುರುವಾರ ಮೊದಲ ಮಾತ್ರೆ. ದಿನ ತಪ್ಪಿಸೋ ಹಾಗಿಲ್ಲ.”

ರೂಪ ಒಪ್ಪಿಗೆ ಕಾಗದ ಓದಿ ಹೇಳಿದಳು, ಎರಡು ಸಲ. ಪುಟ್ಟಮಾದಮ್ಮ ಸಹಿ ಹಾಕಿದಳು. ಹೆಬ್ಬೆಟ್ಟಿನ ಡಬ್ಬಿ ಮುಂದಿಟ್ಟ ನರ್ಸಿಗೆ ಅದನ್ನು ವಾಪಸು ತಳ್ಳಿ, ಕಾಗದದ ಅರ್ಧ ನುಂಗುವಂತೆ ದಪ್ಪಕ್ಷರದಲ್ಲಿ ಬರೆದಳು. ಸಹಿ ಒಣಗಲು ಮೈಸೂರಿನ ಮೂರು ಫ್ಯಾನು ಬೇಕಾದವು.

ಬಸ್ಸಿನಲ್ಲಿ ಬರುವಾಗ ಅವಳ ಮೈಯಿಂದ ಯಾರೋ ಒಂದು ಮೂಟೆ ಇಳಿಸಿದ ಹಾಗಿತ್ತು. ಗುರುತು ಸಿಕ್ಕಿಯೂ ಮಗಳಿಗೆ ಏನೂ ಇಲ್ಲ, ಬೆಂಕಿಯೂ ಇಲ್ಲ. ಅಂಥ ಸುದ್ದಿ ಹೊಟ್ಟೆಯಲ್ಲಿ ನಿಲ್ಲುವುದು ಹೇಗೆ? ಪಕ್ಕದ ಸೀಟಿನವಳಿಗೆ ಹೇಳಿದಳು. ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಮಾರುವವನಿಗೆ ಹೇಳಿದಳು. ತನ್ನೊಳಗೆ ಒಂದು ಪ್ರೋಟೀನು ಕೂಗುತ್ತಿರುವುದನ್ನೂ, ಅದರ ಗಂಟಲು ತನ್ನ ಗಂಟಲನ್ನೇ ಹೋಲುವುದನ್ನೂ ಬಣ್ಣಿಸಿದಳು. ಅವಳು ಕೂತ ಬಸ್ಸು ಶಾಗ್ಯಕ್ಕೆ ಬರುವ ಹೊತ್ತಿಗೆ ಸುದ್ದಿ ಅದಕ್ಕೂ ಮುಂಚಿನ ಬಸ್ಸಿನಲ್ಲಿ ಬಂದು, ಇಳಿದು, ಕಾಫಿ ಕುಡಿದು ಕೂತಿತ್ತು. ಆದರೆ ದಾರಿಯಲ್ಲಿ ಅರ್ಧ ಕಳಚಿ ಬಿದ್ದಿತ್ತು. ಊರಿಗೆ ತಲುಪಿದ್ದು ಇಷ್ಟೇ: ಪುಟ್ಟಮಾದಮ್ಮನಿಗೆ ಗುರುತು ಸಿಕ್ಕಿದೆ.

ಈ ಸುದ್ದಿ ದೊಡ್ಡಸಿದ್ದಯ್ಯನ ಕಿವಿಗೆ ಬಿತ್ತು. ಅದೇ ಕೋಠಿಯಲ್ಲಿ ಸೂಕ್ಷ್ಮದರ್ಶಕದ ಮುಂದೆ ಮೂವತ್ತು ವರ್ಷ ಕೂತವನು ಅವನು. ಹಾರುವ ಚಿಟ್ಟೆಯನ್ನು ನೋಡಿ ಅದರ ಅಜ್ಜಿಗಿದ್ದ ರೋಗ ಹೇಳುತ್ತಿದ್ದ ಎಂದು ಪ್ರತೀತಿ. ನಿವೃತ್ತಿಯಾದಾಗ ಕೋಠಿಯವರು ಹರಾಜಿಗಿಟ್ಟ ಹಳೇ ಸೂಕ್ಷ್ಮದರ್ಶಕವನ್ನೇ ಹೊತ್ತು ತಂದು ದೇವರ ಗೂಡಿನ ಪಕ್ಕ ಇಟ್ಟುಕೊಂಡಿದ್ದ. ಹುಳಕ್ಕೆ ಏನೇ ಆದರೂ ಸುತ್ತಿನ ರೈತರು ಅವನ ಮನೆಗೇ ಹೋಗುವುದು. ಅವನು ಹೇಳಿದ್ದೇ ಕಡೆಯ ಮಾತು. ಪುಟ್ಟಮಾದಮ್ಮನ ಚಾಕಿ ಮನೆಯಲ್ಲಿ ಈ ಸಲ ಅವನದೂ ನೂರು ಮೊಟ್ಟೆಯ ಹುಳ ಇತ್ತು; ಒಂದು ತಾಯಿಚಿಟ್ಟೆ ಇಟ್ಟದ್ದೆಲ್ಲ ಸೇರಿದರೆ ರೇಷ್ಮೆಯವರ ಲೆಕ್ಕದಲ್ಲಿ ಒಂದು ಮೊಟ್ಟೆ.

“ಸಾಕೋಳಿಗೇ ಗುರ್ತು ಅದ ಅಂದ ಮ್ಯಾಲ ಅವಳ ಕೈಯಲ್ಲಿ ಮೇದ ಉಳ ಸುದ್ದವಾ? ಒಂದು ಮನಗ ಓದ್ರ ಊರಿಗೆಲ್ಲ ಅಂಟ್ತದ. ಸುಡದೇ ಸೈ,” ಎಂದು ಬಸ್‌ಸ್ಟಾಪಿನಲ್ಲಿ ಕೂತು ಎಲ್ಲರಿಗೂ ಹೇಳಿದ.

ಬುಧವಾರ ಬೆಳಿಗ್ಗೆ ಹುಳ ಎರಡನೇ ಜ್ವರ ಎದ್ದಿತ್ತು. ಬಿಸಿಲೇರುವ ಮೊದಲು ರೈತರು ಬಂದು ಒಯ್ಯಬೇಕು. ಬಂದರು. ಆದರೆ ಟ್ರೇ ಒಯ್ಯುವ ಗಾಡಿ ಬರಲಿಲ್ಲ. ಮುಂದೆ ದೊಡ್ಡಸಿದ್ದಯ್ಯ, ಹಿಂದೆ ಅದೇ ಊರಿನ ರೈತ ಶಿವನಂಜಯ್ಯ, ಅವನ ಕೈಯಲ್ಲಿ ಸೀಮೆಎಣ್ಣೆ ಕ್ಯಾನು, ಅದರ ಹಿಂದೆ ಹತ್ತು ಹನ್ನೆರಡು ಮಂದಿ. ಮಾರ್ಟಳ್ಳಿಯ ತಮಿಳು ಮನೆಮಾತಿನ ಚಿನ್ನಸ್ವಾಮಿ ಒಬ್ಬ ಮಾತ್ರ ವಿಷಯ ತಿಳಿಯದೆ ಗೂಡ್ಸ್ ಆಟೋ ತಂದು ರಸ್ತೆಯಲ್ಲಿ ನಿಲ್ಲಿಸಿಕೊಂಡಿದ್ದ.

ಪುಟ್ಟಮಾದಮ್ಮ ಬಾಗಿಲಿಗೆ ಅಡ್ಡ ನಿಂತಳು. ಅವಳು ನಿಂತರೆ ಆ ಬಾಗಿಲಿಗೆ ಬೇರೆ ಬಾಗಿಲು ಬೇಡ.

“ಏನಣ್ಣ, ಸೀಮೆಣ್ಣ ತಂದಿದ್ದೀರಿ. ನಮ್ಮನಲಿ ಗ್ಯಾಸ್ ಅದ.”

“ಆಟ ಆಡ್ಬೇಡ ಕನ ಮಾದಿ,” ಎಂದ ದೊಡ್ಡಸಿದ್ದಯ್ಯ. “ನಿಂಗ ನಾನು ಯೋಳ್ಕೊಡಬೇಕಾ? ಎಷ್ಟು ಸಲ ನಾನು ಉಂ ಅಂದಿವ್ನಿ, ನೀನು ಸುಟ್ಟಿದ್ದೀಯ. ತಾಯಿಗ ಗುರ್ತು ಇದ್ರ ಏನ್ಮಾಡ್ತಾರ?”

“ಸುಡ್ತಾರ.”

“ಮತ್ತ?”

“ಮತ್ತ ಏನು ಮತ್ತ? ಈ ಮೊಟ್ಟನೆಲ್ಲ ನಾನಿಕ್ಕಿದ್ನಾ?”

ಹಿಂದೆ ಯಾರೋ ಕಿಸಕ್ಕೆಂದರು. ಶಿವನಂಜಯ್ಯ ಕ್ಯಾನಿನ ಹಿಂದೆ ಮುಖ ಮರೆಮಾಡಿಕೊಂಡ.

“ಯೋಳಣ್ಣ. ಇವುಕ್ಕ ಇವುರ ತಾಯಿಚಿಟ್ಟ ಬ್ಯಾರ ಅವ. ಅವುನ್ನ ಅರದು, ನೋಡಿ, ಸುದ್ದ ಅಂತ ಸೀಲು ಒತ್ತಿ ಕೊಟ್ಟವ್ರ. ಚೀಟಿ ಒಳಗದ. ನಾನು ಬರೀ ಸೊಪ್ಪು ಇಕ್ದೋಳು. ಸೊಪ್ಪು ಇಕ್ದೋಳಿಗ ಕ್ಯಾನ್ಸರ್ ಬಂದ್ರ ಉಳಕ್ಕ ಯಾಕ ಬೆಂಕಿ?”

“ಕೈಯಿಂದ ಕೈಗ ಅಂಟ್ತದ ಕನ.”

“ಅಂಟಾಕಿಲ್ಲ ಅಂತ ಡಾಕ್ಟ್ರು ಯೋಳವ್ರ.”

“ಡಾಕ್ಟ್ರು ಮನುಸ್ರ ಡಾಕ್ಟ್ರು. ಉಳದ ಇಸ್ಯ ನಂಗ ಬುಡು.”

“ಹಂಗಾರ ತತ್ತ ನಿನ್ನ ಗಾಜು. ಉಳದ ಇಸ್ಯ ತಾನೆ? ಯಾವ ಟ್ರೇ ಬೇಕೋ ನೀನೇ ಕೈ ಹಾಕಿ ತಕ್ಕ. ಅರಿ. ನೋಡು. ಚುಕ್ಕಿ ಕಂಡ್ರ ನಾನೇ ಕಡ್ಡಿ ಗೀರ್ತೀನಿ. ನಿಮ್ಮ ಸೀಮೆಣ್ಣನೂ ಬೇಡ.”

ಇದಕ್ಕೆ ಅವನು ಇಲ್ಲ ಎನ್ನುವಂತಿರಲಿಲ್ಲ. ಮೂವತ್ತು ವರ್ಷದ ಕಣ್ಣಿನ ಮಾತು. ಸೂಕ್ಷ್ಮದರ್ಶಕ ಬಂತು. ಜಗುಲಿಯ ಮೇಲೆ ಇಟ್ಟರು. ದೊಡ್ಡಸಿದ್ದಯ್ಯ ಅಲ್ಲೊಂದು ಇಲ್ಲೊಂದು ಟ್ರೇಯಿಂದ ಹುಳ ಆರಿಸಿ ತಂದ. ಅರೆದ. ಹನಿ ಇಟ್ಟ. ಕಣ್ಣು ಕೊಟ್ಟ. ಅವನು ನೋಡುವಷ್ಟು ಹೊತ್ತು ಊರಿನಲ್ಲಿ ಯಾರೂ ಉಸಿರು ಬಿಡಲಿಲ್ಲ, ಅದರಿಂದಾಗಿ ಗಾಳಿ ತುಂಬಿಕೊಂಡು ತೆಂಗಿನ ಮರಗಳು ಒಂದು ಗೇಣು ಎತ್ತರವಾದವು ಎಂದು ಆಮೇಲೆ ಹೇಳಿದವರಿದ್ದಾರೆ. ಇಪ್ಪತ್ತು ಹುಳ ನೋಡಿದ. ಮತ್ತೆ ಹತ್ತು ತರಿಸಿದ.

“ಸುದ್ದ,” ಎಂದ ಕಡೆಗೆ. ಕಷ್ಟಪಟ್ಟು ಎಂದ.

“ನಿಲ್ಲಣ್ಣ, ಏಳ್ಬೇಡ,” ಎಂದಳು ಪುಟ್ಟಮಾದಮ್ಮ. ಒಂದು ಗಾಜಿನ ಪಟ್ಟಿ ತೆಗೆದುಕೊಂಡು ಅದಕ್ಕೆ ಉಗುಳು ಹಚ್ಚಿ ಮುಂದೆ ಹಿಡಿದಳು. “ಇದ್ನೂ ನೋಡು. ಬಸ್‌ಸ್ಟಾಪಲ್ಲಿ ನಂಗ ಗುರ್ತು ಅದ ಅಂತ ಊರ್ಗೆಲ್ಲ ಯೋಳ್ದಲ್ಲ, ಎಲ್ಲದ ಅಂತ ತೋರ್ಸು.”

ದೊಡ್ಡಸಿದ್ದಯ್ಯ ಮುಖ ಸಿಂಡರಿಸಿದ. ಆದರೆ ಗಾಜು ಮುಂದೆ ಬಂದರೆ ನೋಡದೆ ಇರುವುದು ಅವನ ಜಾಯಮಾನದಲ್ಲಿಲ್ಲ. ನೋಡಿದ.

“ಏನದ?”

“ಏನೇನೋ ಅದ. ಅಡಕ ತಿಂದಿದ್ದೀಯ.”

“ನನ್ನ ಪ್ರೋಟೀನ್ ಕಾಣ್ತದ?”

“ಅದು ಇದ್ರಲ್ಲೆಲ್ಲಿ ಕಂಡದು? ಅದ್ಕ ದೊಡ್ಡ ಮಿಸನ್ನೇ ಬೇಕಂತಲ್ಲ.”

“ನೋಡ್ದೆ ಇರೋದ್ಕ ಸೀಮೆಣ್ಣ ತಂದಲ್ಲಣ್ಣ. ಕೋಠಿಲಿ ನೀನು ಯಾವತ್ತೂ ನೋಡ್ದೆ ಉಂ ಅಂದೋನಲ್ಲ.”

ಆ ಮಾತು ಅವನಿಗೆ ತಾಗಿತು. ಸೂಕ್ಷ್ಮದರ್ಶಕದ ಮೇಲೆ ಬಟ್ಟೆ ಮುಚ್ಚಿದ. ಶಿವನಂಜಯ್ಯ ಕ್ಯಾನನ್ನು ಮೆಲ್ಲಗೆ ಹುಣಿಸೇಮರದ ಹಿಂದೆ ಇಟ್ಟು ಬಂದ. ವಿಷಯ ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಹತ್ತು ಹನ್ನೆರಡು ಜನ ಹುಡುಕಿಕೊಂಡು ಬಂದು ಬರಿಗೈಯಲ್ಲಿ ಹೋಗುವುದೆಂದರೆ ಅವರಿಗೂ ಒಂದು ಮರ್ಯಾದೆ ಇರುತ್ತದಲ್ಲ. ಅವರವರೇ ಗುಸುಗುಸು ಮಾಡಿದರು. ಶಿವನಂಜಯ್ಯ ಬಂದು ತೀರ್ಮಾನ ಹೇಳಿದ.

“ನೋಡಕ್ಕ, ಉಳ ಸುದ್ದ. ಒಪ್ಕತೀವಿ. ತಕಂಡೋಯ್ತೀವಿ. ಆದ್ರ ಒಂದು. ಇನ್ನು ಮ್ಯಾಲ ನೀನು ಒಳಕ್ಕೋಗ್ಬೇಡ. ಉಳ ಮುಟ್ಬೇಡ. ರೂಪ ನೋಡ್ಕಳ್ಲಿ. ನೀನು ಜಗುಲಿ ಮ್ಯಾಲ ಕೂತು ರೆಸ್ಟ್ ತಕ್ಕ. ನಿಂಗೂ ಒಳ್ಳೇದು, ಎಲ್ರಿಗೂ ಒಳ್ಳೇದು.”

ಮಾತು ಮೆತ್ತಗಿತ್ತು. ಒಪ್ಪಿದರೆ ಹುಳ ಉಳಿಯುತ್ತದೆ, ಚಾಕಿ ಮನೆ ಉಳಿಯುತ್ತದೆ. ರೂಪ ಪಕ್ಕಕ್ಕೆ ಬಂದು ಸೆರಗು ಎಳೆದಳು.

“ಅವ್ವ, ಉಂ ಅನ್ನು. ಬಿಸ್ಲು ಏರ್ತಾ ಅದ. ನೀನು ಯೋಳ್ದಂಗ ನಾನು ಮಾಡ್ತೀನಿ. ಹೆಸ್ರು ನಿಂದೇ ಇರ್ತದ.”

“ಹೆಸ್ರು ಇಟ್ಕಂಡು ಏನು ಉಪ್ಪಿನಕಾಯಿ ಹಾಕ್ಲಾ?” ಎಂದಳು ಪುಟ್ಟಮಾದಮ್ಮ. ಆಮೇಲೆ ಎಲ್ಲರ ಕಡೆ ತಿರುಗಿದಳು. ಈ ಸಲ ಕೂಗಲಿಲ್ಲ. ಅವಳು ಮೆಲ್ಲಗೆ ಮಾತಾಡಿದ್ದನ್ನು ಕೇಳಿದವರು ಊರಿನಲ್ಲಿ ಯಾರೂ ಇರಲಿಲ್ಲವಾದ್ದರಿಂದ ಎಲ್ಲರೂ ಒಂದು ಹೆಜ್ಜೆ ಮುಂದೆ ಬರಬೇಕಾಯಿತು.

“ಚಿಟ್ಟ ಪರೀಕ್ಸ ಮಾಡಬೇಕಂದ್ರ ಚಿಟ್ಟನ ಅರಿಬೇಕು. ಸತ್ತ ಮ್ಯಾಲೇ ಅದ್ಕ ಗುರ್ತು ಅದೋ ಇಲ್ವೋ ಅಂತ ಗೊತ್ತಾಗದು. ನಂದು ಹಂಗಲ್ಲ ಕನಪ್ಪ. ಒಂದು ಚೂರು ತಕಂಡ್ರು, ನೋಡುದ್ರು, ನಾನು ಎದ್ದು ಬಸ್ಸತ್ತಿ ಬಂದೆ. ನಾನಿನ್ನೂ ಇವ್ನಿ. ಕೈ ಅವ. ಕಣ್ಣವ. ಇವತ್ತು ಜಗುಲಿ ಮ್ಯಾಲ ಕೂತ್ಕಂಡ್ರ ನಾಳಿಂದ ನಾನು ಒರಳಲ್ಲಿ ಅರದು ಹಾಕಿರೋ ಚಿಟ್ಟನೇ. ಆಮೇಲ ಮಾತ್ರ ನುಂಗೋದು ಯಾಕ, ಮೈಸೂರ್ ಯಾಕ? ನಾನು ಕೂರಾಕಿಲ್ಲ. ಬೇಕಂದೋರು ನನ್ನ ಕೈಯಿಂದ ತಕ್ಕಳಿ. ನನ್ನ ಕೈ ಬೇಡ ಅಂದ್ರ ನನ್ನ ಉಳನೂ ಬೇಡ. ಇಲ್ಲೇ ಇರ್ಲಿ, ನಾನೇ ಗೂಡು ಕಟ್ಟುಸ್ತೀನಿ.”

“ಅಷ್ಟೂ ಉಳನ?” ಎಂದ ಶಿವನಂಜಯ್ಯ. “ಎಲ್ಲಿ ಇಟ್ಕಂಡೀಯ? ಐದನೇ ಜ್ವರದೊತ್ಗ ಇವು ಊರನ್ನೇ ಮೇದಾಕ್ತವ.”

ಅವನು ಐದನೇ ಜ್ವರ ಎಂದಿದ್ದು ಗಾಬರಿಗೆ. ಹುಳಕ್ಕೆ ಇರುವುದೇ ನಾಲ್ಕು. ಪುಟ್ಟಮಾದಮ್ಮ ಅದನ್ನು ಬಿಡಲಿಲ್ಲ.

“ಐದ್ನೇದು ನಿಂಗೇ ಬಂದಿರ್ಬೇಕು ಕನ ನಂಜ. ನಡುಮನಲಿ ಇಕ್ತೀನಿ. ಅಡಗಮನಲಿ ಇಕ್ತೀನಿ. ಮಂಚದ ಮ್ಯಾಲ ಅವು ಮಲಿಕಳ್ಲಿ, ನಾನು ಕೆಳಗ ಮಲಿಕತೀನಿ.”

ಇಷ್ಟು ಹೇಳಿ ಅವಳು ಬಕೆಟ್ಟಿನ ಬ್ಲೀಚಿಂಗ್ ನೀರಿನಲ್ಲಿ ಎಂದಿನ ಹಾಗೆ ಕೈ ತೊಳೆದಳು, ಕಾಲು ತೊಳೆದಳು. ಬಾಯಿಗೆ ಬಟ್ಟೆ ಕಟ್ಟಿಕೊಂಡಳು. ಎಲ್ಲರ ಕಣ್ಣೆದುರೇ ಸೊಪ್ಪಿನ ಬುಟ್ಟಿ ಸೊಂಟಕ್ಕೇರಿಸಿ ಒಳಗೆ ಹೋದಳು. ಜ್ವರ ಎದ್ದ ಹುಳಕ್ಕೆ ಹಸಿವು ಬಹಳ. ಒಂದೊಂದೇ ಟ್ರೇಗೆ ಸೊಪ್ಪು ಬಿದ್ದ ಹಾಗೆ ಒಳಗಿಂದ ಸಣ್ಣ ಮಳೆ ಹಿಡಿದ ಸದ್ದು ಶುರುವಾಯಿತು. ನಡುವೆ ಅವಳಿಗೆ ಕೆಮ್ಮು ಬಂತು. ಹಿಂಬಾಗಿಲಿಗೆ ಬಂದು, ಗೋಡೆ ಹಿಡಿದು, ಪೂರ್ತಿ ಕೆಮ್ಮಿ, ಮತ್ತೆ ಕೈ ತೊಳೆದು ಒಳಗೆ ಹೋದಳು. ಆ ಕೆಮ್ಮು ನಿಲ್ಲುವವರೆಗೆ ರೂಪ ಕಣ್ಣು ಮುಚ್ಚಿಕೊಂಡು ನಿಂತಿದ್ದಳು.

ಹತ್ತು ನಿಮಿಷ ಹೋಯಿತು. ರಸ್ತೆಯಲ್ಲಿದ್ದ ಚಿನ್ನಸ್ವಾಮಿ ತಾಳ್ಮೆಗೆಟ್ಟು ಜನರ ನಡುವೆ ದಾರಿ ಮಾಡಿಕೊಂಡು ಬಂದ.

“ಅಕ್ಕಾ, ವೆಯಿಲು ಏರ್ತಾ ಇದೆ. ಮಾರ್ಟಳ್ಳಿ ತನಕ ಹೋಗಬೇಕು ನಾನು. ಹುಳ ಬಾಡಿದ್ರೆ ಇವರು ಯಾರಾದ್ರೂ ಕೊಡ್ತಾರಾ ನಂಗೆ? ಕುಡು ಅಕ್ಕಾ.”

“ನನ್ನ ಕೈಯಿಂದ ತಕ್ಕಂಡೀಯಾ?”

“ನಿನ್ನ ಕೈಯಿಂದ ತಾನೇ ಆರು ವರ್ಷ ತಗೊಂಡಿದ್ದು. ಬೇರೆ ಯಾರ ಕೈ ಇದೆ ಇಲ್ಲಿ?” ಎಂದು ಎರಡೂ ಕೈ ಚಾಚಿದ. ಪುಟ್ಟಮಾದಮ್ಮ ಟ್ರೇ ಇಟ್ಟಳು. ಅವನು ಒಂದೊಂದಾಗಿ ಆಟೋಗೆ ಏರಿಸಿದ, ಒದ್ದೆ ಗೋಣಿ ಹೊದಿಸಿದ. ಹೋಗುವಾಗ ಶಿವನಂಜಯ್ಯನಿಗೆ, “ಏನಣ್ಣೇ, ನಿಂದೂ ಬೇಡ ಅಂದ್ರೆ ಹೇಳು, ನಾನೇ ಮೇಯಿಸ್ತೀನಿ,” ಎಂದು ಹೇಳಿ ಹೋದ.

ಶಿವನಂಜಯ್ಯನ ತೋಟದಲ್ಲಿ ಸೊಪ್ಪು ಬಲಿತು ನಿಂತಿತ್ತು. ತನ್ನ ಹುಳವನ್ನು ಮಾರ್ಟಳ್ಳಿಯವನು ಮೇಯಿಸುವ ಮಾತು ಕೇಳಿ ಅವನು ಬಾಗಿಲ ಹತ್ತಿರ ಬಂದ. ಅತ್ತ ಇತ್ತ ನೋಡಿದ. ಬಕೆಟ್ಟಿನಲ್ಲಿ ಕೈ ಅದ್ದಿದ.

“ಕೊಡಕ್ಕ,” ಎಂದ ನೆಲ ನೋಡುತ್ತ.

“ಮುಖ ನೋಡ್ಕಂಡು ತಕ್ಕ. ನೆಲದ ಮ್ಯಾಲ ಏನು ನಾನು ಬಿದ್ದಿದ್ದೀನಾ?”

ಅವನು ಮುಖ ನೋಡಿದ. ಟ್ರೇ ಕೊಟ್ಟಳು. ಆಮೇಲೆ ಯಳಂದೂರಿನವರಿಬ್ಬರು ಬಂದರು. ಆಮೇಲೆ ಸಾಲು. ಮೂವರು ಮಾತ್ರ ಬರಲಿಲ್ಲ. ಎದ್ದು ಹೋದರು. ಅವರಲ್ಲಿ ದೊಡ್ಡಸಿದ್ದಯ್ಯ ಮೊದಲನೆಯವನು. ಸೂಕ್ಷ್ಮದರ್ಶಕವನ್ನು ಮಗುವಿನ ಹಾಗೆ ಎದೆಗೆ ಅವುಚಿಕೊಂಡು ಹಿಂತಿರುಗಿ ನೋಡದೆ ನಡೆದ. ಮಧ್ಯಾಹ್ನ ಸೊಸೆಯನ್ನು ಕಳಿಸಿದ, ರೂಪಳ ಕೈಯಿಂದ ಇಸಕೊಂಡು ಬಾ ಎಂದು. ಪುಟ್ಟಮಾದಮ್ಮ ಆ ಹುಡುಗಿಗೆ ಮಜ್ಜಿಗೆ ಕೊಟ್ಟು ಬರಿಗೈಯಲ್ಲಿ ಕಳಿಸಿದಳು.

“ನಿಮ್ಮ ಮಾವುನ್ನೇ ಬರಾಕ್ಯೋಳು ಮಗ. ಕೈಯಿಂದ ಕೈಗ.”

ಆ ಮೂವರ ಹುಳ ಸಂಜೆ ಹೊತ್ತಿಗೆ ನಡುಮನೆಗೆ ಬಂತು. ಮಂಚದ ಮೇಲೆ ದೊಡ್ಡಸಿದ್ದಯ್ಯನ ನೂರು ಮೊಟ್ಟೆಯ ಹುಳ ಮಲಗಿತು. ಮನೆಯವರು ಕೆಳಗೆ ಮಲಗಿದರು. ಸೊಪ್ಪು ಬೆಳಗಿನ ಮೇವಿಗಷ್ಟೇ ಇದೆ ಎಂದು ರೂಪ ಹೇಳಿದಳು. ಪುಟ್ಟಮಾದಮ್ಮ ಆಸ್ಪತ್ರೆಯ ಕಾಗದ ಕೈಚೀಲಕ್ಕೆ ತುಂಬಿಕೊಂಡಳು.

ಗುರುವಾರ ಬೆಳಿಗ್ಗೆ ಆರೂವರೆಗೆ ಕೊಳ್ಳೇಗಾಲದ ಬಸ್ಸು. ಅಲ್ಲಿಂದ ಮೈಸೂರು. ಹುಳ ನೋಡಲು ರೂಪಳನ್ನು ಮನೆಯಲ್ಲೇ ಬಿಟ್ಟು ಪುಟ್ಟಮಾದಮ್ಮ ಒಬ್ಬಳೇ ಹೊರಟಳು. ಬಸ್‌ಸ್ಟಾಪಿನ ಕಟ್ಟೆಯ ಮೇಲೆ ಟವೆಲ್ ಹೊದ್ದು ದೊಡ್ಡಸಿದ್ದಯ್ಯ ಕೂತಿದ್ದ. ರಾತ್ರಿ ನಿದ್ದೆ ಮಾಡಿದ ಮುಖವಲ್ಲ.

“ನನ್ನ ಉಳ ಏನಾದ್ವು?” ಎಂದ.

“ಮಂಚದ ಮ್ಯಾಲ ಅವ. ಚೆಂದಾಗಿ ಮೇಯ್ತಾ ಅವ.”

“ಈಗ ಕೊಡು ಮತ್ತ. ನಾನೇ ಬಂದಿವ್ನಿ. ನಿನ್ನ ಕೈಯಿಂದ್ಲೇ ತಕ್ಕತೀನಿ.”

“ನನ್ನ ಕೈ ಈಗ ಮೈಸೂರ್ಗ ಓಯ್ತಾ ಅದಲ್ಲಣ್ಣ. ಸಂಜ ಬಸ್ಸಿಗ ಬತ್ತದ. ಅಲ್ಲೀಗಂಟ ತಡ್ಕ.”

“ಸಂಜ ತನಕ ಅವುಕ್ಕ ಸೊಪ್ಪು?”

“ನಮ್ಮನಲಿ ಇಲ್ಲ. ನಿನ್ನ ತೋಟದಲ್ಲಿ ಅದ. ಕೂಯ್ಕಂಡೋಗಿ ರೂಪನ್ ಕೈಗ ಕೊಡು.”

ದೊಡ್ಡಸಿದ್ದಯ್ಯ ಟವೆಲ್ಲಿನ ಅಂಚು ತಿರುವಿದ. ಬಸ್ಸಿನ ಸದ್ದು ದೂರದಲ್ಲಿ ಕೇಳಿಸಿತು. ಅವನು ಕೇಳಬಾರದು ಅಂದುಕೊಂಡಿದ್ದನ್ನು ಕೇಳಿಯೇಬಿಟ್ಟ.

“ನುಂಗಿದ ಮಾತ್ರ ತಾಗದೇ ಓದ್ರ ಮಾದಿ?”

“ತಾಗದೇ ಓದ್ರ ತಾಗಲಿಲ್ಲ ಅಂತ ಬರ್ಕತಾರ. ಅದೂ ಬೇಕಂತ, ಮುಂದ ಬರೋರಿಗ. ನಿನ್ನ ಗಾಜಲ್ಲಿ ಕಾಣ್ದೆ ಓದ್ರೂ ಬರ್ಕತಿದ್ದಲ್ಲ ನೀನು, ಹಂಗೇ. ಆದ್ರ ಅದು ನಾಳ ಮಾತು. ಇವತ್ತು ಹಿಡಿಯಕ್ಕ ಒಂದು ಗುರ್ತದ, ಹಿಡದು ನೋಡ್ತೀನಿ. ಏಳು, ಸೊಪ್ಪು ಕೂಯಿ. ಬಿಸ್ಲಾದ್ರ ಬಾಡ್ತದ.”

ಬಸ್ಸು ಬಂತು. ಹತ್ತಿ ಮುಂದಿನ ಸೀಟಿನಲ್ಲಿ ಕೂತು ಆಧಾರ್ ಕಾರ್ಡು ತೋರಿಸಿದಳು. ಕಂಡಕ್ಟರು ಶಾಂತಮೂರ್ತಿ ಹೆಂಗಸರಿಗೆ ಕೊಡುವ ಬಿಟ್ಟಿ ಟಿಕೇಟು ಹರಿದು ಕೊಟ್ಟ.

“ಬರೋದ್ಕೂ ಒಂದು ಕೊಡು,” ಎಂದಳು.

“ಬರೋದ್ಕ ಬರೋವಾಗ ಕೊಡ್ತಾರ ಕನಮ್ಮ.”

“ಈಗ್ಲೇ ಕೊಡು. ಸಂಜ ಬರೋ ಬಸ್ಸಲ್ಲಿ ನಾನಿರ್ತೀನಿ.”

“ಹಂಗೆಲ್ಲ ಕೊಡಾಕಾಗಲ್ಲ. ಮಿಸನ್ ಒಪ್ಪಾಕಿಲ್ಲ.”

“ಮಿಸನ್ ಹತ್ರ ನಾನೇ ಮಾತಾಡ್ತೀನಿ, ಇಲ್ಲಿ ತತ್ತ,” ಎಂದು ಅವಳು ಕೈ ಚಾಚಿದಳು. ಆ ವಾದ ಕೊಳ್ಳೇಗಾಲದವರೆಗೂ ನಡೆಯಿತು. ಹಿಂದಿನ ಸೀಟಿನವರು ಅರ್ಧ ಜನ ಅವಳ ಕಡೆ, ಅರ್ಧ ಜನ ಶಾಂತಮೂರ್ತಿಯ ಕಡೆ ಆದರು. ಕಿಟಕಿಯಾಚೆ, ಹಿಂದೆ ಬಿದ್ದ ರಸ್ತೆಯಲ್ಲಿ, ದೊಡ್ಡಸಿದ್ದಯ್ಯ ಕುಡುಗೋಲು ಹಿಡಿದು ತೋಟಕ್ಕೆ ಇಳಿಯುತ್ತಿದ್ದದ್ದನ್ನು ನೋಡಲು ಅವಳಿಗೆ ಪುರುಸೊತ್ತಾಗಲಿಲ್ಲ.